ತಡಬೆ ದಾಟಿ

ಹೋದ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡ್‌ಗೆ ಹೋಗಿದ್ದಿರಲ್ಲ, ಏನೇನು ಮಾಡಿದಿರಿ ಅಂತ ಯಾರಾದರೂ ಕೇಳಿದರೆ ನನ್ನ ಗಂಡ ಒಂದೇ ಮಾತಲ್ಲಿ ಮುಗಿಸುತ್ತಾನೆ. "ಗೇಟು ತೆಗೆದೆವು, ಗೇಟು ಹಾಕಿದೆವು." ಕೇಳಿದವರು ತಮಾಷೆ ಅಂದುಕೊಂಡು ನಗುತ್ತಾರೆ. ಆದರೆ ಕೂತು ಲೆಕ್ಕ ಹಾಕಿದರೆ ಆ ಏಳು ದಿನದಲ್ಲಿ ನಾವು ಅದಕ್ಕಿಂತ ಜಾಸ್ತಿ ಬೇರೇನೂ ಮಾಡಿಲ್ಲ.

ಎಡಿನ್‌ಬರೋ ಕೋಟೆ ನೋಡಲಿಲ್ಲ. ಸ್ಕೈ ದ್ವೀಪಕ್ಕೆ ಹೋಗಲಿಲ್ಲ. ಲಾಕ್ ನೆಸ್‌ನ ಪ್ರಾಣಿಯನ್ನು ಹುಡುಕಲಿಲ್ಲ. ಪರ್ತ್‌ಷೈರ್‌ನ ಬೆಟ್ಟದ ಸೀಮೆಯಲ್ಲಿ ಅಬರ್‌ಫೆಲ್ಡಿ ಅನ್ನೋ ಪುಟ್ಟ ಪೇಟೆ ಇದೆ. ಅಲ್ಲಿಂದ ಪಶ್ಚಿಮಕ್ಕೆ ಆರು ಮೈಲಿ ಹೋದರೆ ಲಾಕ್ ಟೇ. ಲಾಕ್ ಅಂದರೆ ಅಲ್ಲಿಯವರ ಮಾತಲ್ಲಿ ಸರೋವರ. ಇದು ಸುಮಾರು 23 ಕಿಲೋಮೀಟರ್ ಉದ್ದ, ಅಗಲ ಮಾತ್ರ ಒಂದು, ಒಂದೂವರೆ. ಹೊಳೆಯನ್ನೇ ಯಾರೋ ತಡೆದು ನಿಲ್ಲಿಸಿದ ಹಾಗೆ ಕಾಣುತ್ತೆ. ಅದರ ಉತ್ತರ ದಡದಲ್ಲಿ ಒಂದು ಕಾಟೇಜು ಹಿಡಿದಿದ್ದೆವು.

ಇದಕ್ಕೆಲ್ಲ ಕಾರಣ ಅಮ್ಮ. ತೀರ್ಥಹಳ್ಳಿ ಕಡೆಯಿಂದ ಮೂರು ತಿಂಗಳಿಗೆ ಅಂತ ಲೀಡ್ಸ್‌ಗೆ ಬಂದಿದ್ದರು. ಲಂಡನ್ ಆಯಿತು, ದೇವಸ್ಥಾನ ಆಯಿತು, ಮೊಮ್ಮಗನ ಶಾಲೆ ಆಯಿತು. ಆಮೇಲೆ ಬೇಜಾರು ಶುರುವಾಯಿತು. ನಮ್ಮ ಮನೆ ಹಿತ್ತಲು ಎರಡು ಚಾಪೆ ಹಾಸಿದರೆ ಮುಗಿಯಿತು. ಅದರಲ್ಲೇ ಕೊತ್ತಂಬರಿ ಬಿತ್ತಿ, ದಿನಾ ಮೂರು ಸಲ ಹೋಗಿ ನೋಡಿ ಬರುತ್ತಿದ್ದರು. ಒಂದು ದಿನ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಹೇಳಿದರು, "ಎಲ್ಲಾದರೂ ದನ ಕಾಣೋ ಜಾಗಕ್ಕೆ ಕರ್ಕೊಂಡು ಹೋಗು ಮಾರಾಯ್ತಿ."

ಆರು ಗಂಟೆ ಡ್ರೈವ್. ಕೊನೆಯ ಹತ್ತು ಮೈಲಿಯಲ್ಲಿ ರಸ್ತೆ ಒಂದೇ ಗಾಡಿಯ ಅಗಲಕ್ಕೆ ಇಳಿಯಿತು. ಅಲ್ಲಲ್ಲಿ ಪಕ್ಕಕ್ಕೆ ಸರಿದು ನಿಲ್ಲೋಕೆ ಜಾಗ ಮಾಡಿ ಬೋರ್ಡು ನೆಟ್ಟಿರುತ್ತಾರೆ. ಎದುರು ಗಾಡಿ ಬಂದರೆ ಯಾರಿಗೆ ಆ ಜಾಗ ಹತ್ತಿರವೋ ಅವರು ನಿಲ್ಲಬೇಕು. ದಾಟಿದವರು ಕೈ ಎತ್ತಬೇಕು. ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೂ ನಡೆಯುತ್ತೆ, ಆದರೆ ಎತ್ತದೆ ಹೋದರೆ ಮರ್ಯಾದೆ ಗೊತ್ತಿಲ್ಲದವರು ಅಂತ ಲೆಕ್ಕ. ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ ಐದಾರು ಗಾಡಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು, "ಅಳಿಯಂದಿರಿಗೆ ಇಲ್ಲಿ ಇಷ್ಟೊಂದು ಜನರ ಪರಿಚಯ ಹೇಗೆ?"

ಈ ಬರಹದ ತಲೆಬರಹದಲ್ಲಿರೋ ಮಾತು ಬಂದಿದ್ದು ಆವತ್ತು ಸಂಜೆಯೇ. ಊಟ ಮುಗಿಸಿ ಎಂಟು ಗಂಟೆಗೆ ಹೊರಗೆ ಬಂದರೆ ಇನ್ನೂ ಬೆಳಕು. ಕಾಟೇಜಿನ ಹಿಂದೆ ಕಲ್ಲಿನ ಪಾಗಾರ. ಸಿಮೆಂಟು, ಮಣ್ಣು ಏನೂ ಇಲ್ಲದೆ ಸುಮ್ನೆ ಕಲ್ಲ ಮೇಲೆ ಕಲ್ಲು ಕೂರಿಸಿದ್ದು. ಅದಕ್ಕೆ ಒರಗಿಕೊಂಡ ಹಾಗೆ ಆಚೆಗೊಂದು ಈಚೆಗೊಂದು ಹಲಗೆಯ ಮೆಟ್ಟಿಲು, ಹಿಡಿದುಕೊಳ್ಳೋಕೆ ಒಂದು ಗೂಟ. ಮಳೆಯಲ್ಲಿ ನೆಂದು ನೆಂದು ಹಲಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕಾಲಿಡುವ ಕಡೆ ಸವೆದು ಒಂದು ಸಣ್ಣ ಹಳ್ಳ. ಜಾರದಿರಲಿ ಅಂತ ಅದರ ಮೇಲೆ ಕೋಳಿ ಬಲೆಯ ತುಂಡು ಬಡಿದಿದ್ದರು.

ಅಮ್ಮ ನಿಂತುಬಿಟ್ಟರು. "ಅರೆ, ತಡಬೆ!"

ಆ ಪದ ಕೇಳಿ ಇಪ್ಪತ್ತು ವರ್ಷವಾದರೂ ಆಗಿತ್ತು. ಮಲೆನಾಡಿನವರಿಗೆ ವಿವರಿಸೋದು ಬೇಡ. ಉಳಿದವರಿಗೆ ಹೇಳೋದಾದರೆ, ಬೇಲಿಯನ್ನು ಜನ ಹತ್ತಿ ದಾಟಬೇಕು, ದನ ದಾಟಬಾರದು. ಅದಕ್ಕೆ ಮಾಡಿದ ಮೆಟ್ಟಿಲೇ ತಡಬೆ. ಅಡ್ಡಗೋಲು ಸರಿಸಿ ಒಳಗೆ ಹೋಗೋ ಹಾಗಿದ್ದರೆ ಅದು ಉಣುಗೋಲು. ನಮ್ಮನೆ ಗದ್ದೆಯ ಅಂಚಲ್ಲಿ ಎರಡೂ ಇದ್ದವು. ಟಿಲ್ಲರ್ ಬಂದ ಮೇಲೆ ಉಣುಗೋಲು ಹೋಗಿ ಕಬ್ಬಿಣದ ಗೇಟು ಬಂತು. ತಡಬೆ ಯಾವಾಗ ಹೋಯಿತು ಅಂತ ಯಾರೂ ಗಮನಿಸಲೇ ಇಲ್ಲ.

ಅಮ್ಮನಿಗೆ 68. ಮಂಡಿ ನೋವು ಬೇರೆ. ಸೀರೆ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಮೊಮ್ಮಗನ ಹಳೇ ಸ್ಪೋರ್ಟ್ಸ್ ಶೂ ಹಾಕಿದ ಕಾಲನ್ನು ಆ ಸವೆದ ಹಳ್ಳದ ಮೇಲೆ ಇಟ್ಟು, ಒಂದು, ಎರಡು, ಆಚೆ ಇಳಿದೇಬಿಟ್ಟರು. ನಾನು ಈಚೆಯೇ ನಿಂತಿದ್ದೆ.

ನನಗೆ ಭಯ. ಆಚೆ ಯಾರದೋ ಹುಲ್ಲುಗಾವಲು, ತುಂಬಾ ಕುರಿ. ಇಂಗ್ಲೆಂಡ್‌ನಲ್ಲಿ ಹದಿಮೂರು ವರ್ಷ ಇದ್ದು ಒಂದು ಅಭ್ಯಾಸ ಅಂಟಿಕೊಂಡಿದೆ. ನಕ್ಷೆಯಲ್ಲಿ ಕಾಲುದಾರಿ ಅಂತ ಗುರುತು ಇದ್ದರೆ ಅಲ್ಲಿ ನಡೆಯಬಹುದು. ಪಕ್ಕಕ್ಕೆ ಸರಿದರೆ ಬಹಳ ಕಡೆ ಅದು ಇನ್ನೊಬ್ಬರ ಜಾಗ. "ಅಮ್ಮಾ, ವಾಪಸ್ ಬಾ, ಪ್ರೈವೇಟ್ ಅದು" ಅಂತ ಕೂಗುತ್ತಿದ್ದ ಹಾಗೆ ಗುಡ್ಡದ ಮೇಲಿಂದ ನಾಲ್ಕು ಚಕ್ರದ ಬೈಕೊಂದು ಗುಡುಗುಡು ಅಂತ ಇಳಿದು ಬಂತು. ಮೇಲೆ ವಯಸ್ಸಾದ ರೈತ, ಹಿಂದೆ ಎರಡು ನಾಯಿ.

ನಾನು ಕ್ಷಮೆ ಕೇಳೋಕೆ ಶುರು ಮಾಡಿದೆ. ಅವರಿಗೆ ಯಾಕೆ ಅಂತಲೇ ಅರ್ಥವಾಗಲಿಲ್ಲ. "ಕೇಳಬೇಕಾದ್ದು ಏನೂ ಇಲ್ಲ. ಎಲ್ಲಿ ಬೇಕಾದರೂ ನಡೀರಿ. ಗೇಟು ಹಾಕಿದ್ದರೆ ಹಾಕಿ ಹೋಗಿ. ತೆಗೆದಿದ್ದರೆ ತೆಗೆದೇ ಇರಲಿ, ಕುರಿಗೆ ನೀರಿನ ದಾರಿ ಇರುತ್ತೆ." ಅಷ್ಟು ಹೇಳಿ ಅಮ್ಮನಿಗೆ ಟೋಪಿ ಮುಟ್ಟಿ ನಮಸ್ಕಾರ ಮಾಡಿದರು. ಅಮ್ಮ ಸುಮ್ಮನೆ ಬಿಡುತ್ತಾರಾ? "ದನ ಎಷ್ಟಿವೆ ಕೇಳು. ಎಷ್ಟು ಹಾಲು ಕೊಡ್ತವೆ ಕೇಳು."

ದನ ಮೂವತ್ತು. ಹಾಲು ಕರೆಯೋದಿಲ್ಲ. ಎಲ್ಲ ಕರುವಿಗೇ. ಅಮ್ಮ ಒಂದು ಕ್ಷಣ ಲೆಕ್ಕ ಹಾಕಿದರು. ಕರೆಯದ ದನವನ್ನು ಮೂವತ್ತು ಸಾಕೋದು ಯಾತಕ್ಕೆ ಅಂತ ಅವರಿಗೆ ಹೊಳೆದಿದ್ದು ಮುಖದಲ್ಲೇ ಗೊತ್ತಾಯಿತು. ಅದರ ಬಗ್ಗೆ ಮುಂದೆ ಮಾತಾಡಲಿಲ್ಲ. ಆದರೆ ಹಣೆಗೂದಲು ಕಣ್ಣು ಮುಚ್ಚುವಷ್ಟು ಇಳಿಬಿದ್ದ ಆ ಕೆಂಚು ದನಗಳನ್ನು ವಾರಪೂರ್ತಿ ದಿನಾ ಸಂಜೆ ಹೋಗಿ ಮಾತಾಡಿಸಿ ಬರುತ್ತಿದ್ದರು. ಕನ್ನಡದಲ್ಲೇ.

ರಾತ್ರಿ ಕಾಟೇಜಿನಲ್ಲಿಟ್ಟಿದ್ದ ಕೈಪಿಡಿ ಓದಿದೆ. ರೈತ ಹೇಳಿದ್ದು ಬರೀ ಒಳ್ಳೆಯತನದ ಮಾತಲ್ಲ, ಕಾನೂನು. ಸ್ಕಾಟ್ಲೆಂಡ್‌ನ 2003ರ ಭೂಸುಧಾರಣಾ ಕಾಯ್ದೆಯಲ್ಲಿ ಈ ಹಕ್ಕು ಬರೆದಿದ್ದಾರೆ, 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಗುಡ್ಡ, ಕಾಡು, ಹುಲ್ಲುಗಾವಲು, ಸರೋವರ, ಹೊಳೆ, ಯಾರದ್ದೇ ಆಗಿರಲಿ, ನಡೆಯಬಹುದು, ಸೈಕಲ್ ಹೊಡೆಯಬಹುದು, ದೋಣಿ ಬಿಡಬಹುದು. ಸಣ್ಣ ಡೇರೆ ಹಾಕಿ ರಾತ್ರಿ ಮಲಗಲೂಬಹುದು (ಲಾಕ್ ಲೋಮಂಡ್ ಕಡೆ ಕೆಲವು ಜಾಗಕ್ಕೆ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಪರ್ಮಿಟ್ ಬೇಕು). ಮನೆಯ ಅಂಗಳಕ್ಕೆ ಹೋಗಬಾರದು. ಬೆಳೆ ನಿಂತಿರೋ ಹೊಲವನ್ನು ತುಳಿಯಬಾರದು, ಅಂಚಲ್ಲಿ ನಡೆಯಬೇಕು. ಮೋಟಾರು ಗಾಡಿಗೆ ಈ ಹಕ್ಕಿಲ್ಲ. ಇಷ್ಟೇ.

ಅಮ್ಮನಿಗೆ ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಭೂಸುಧಾರಣೆ ಅಂದ್ಯಲ್ಲ. ಹಾಗಾದ್ರೆ ಈ ಜಾಗ ಎಲ್ಲ ಯಾರದ್ದು?"

ಅಮ್ಮನ ಅಪ್ಪ ಗೇಣಿ ಒಕ್ಕಲು. 1974ರ ಕಾಯ್ದೆ ಬಂದಾಗ ಡಿಕ್ಲರೇಷನ್ ಕೊಟ್ಟು, ವರ್ಷಗಟ್ಟಲೆ ತಾಲ್ಲೂಕು ಆಫೀಸಿಗೆ ಅಲೆದು, ಉಳುತ್ತಿದ್ದ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಆ ಹಾಳೆ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದು ಅಮ್ಮನಿಗೆ ನೆನಪಿದೆ. ಅವರಿಗೆ ಭೂಸುಧಾರಣೆ ಅಂದರೆ ನೆಲ ಕೈಬದಲಾಗೋದು. ಸ್ಕಾಟ್ಲೆಂಡ್‌ನಲ್ಲಿ ಖಾಸಗಿ ಗ್ರಾಮೀಣ ಜಮೀನಿನ ಸುಮಾರು ಅರ್ಧ ಭಾಗ ಐನೂರಕ್ಕೂ ಕಡಿಮೆ ಮಾಲೀಕರ ಕೈಯಲ್ಲಿದೆ ಅಂದೆ. ಅಮ್ಮ ನಂಬಲಿಲ್ಲ. "ನಡೆಯೋಕೆ ಬಿಟ್ಟಿದ್ದಾರೆ, ನೆಲ ಬಿಟ್ಟಿಲ್ಲ ಅನ್ನು" ಅಂದು ಮಲಗೋಕೆ ಹೋದರು.

ನನಗೆ ನಿದ್ದೆ ಬರಲಿಲ್ಲ. ನಮ್ಮೂರಲ್ಲಿ ನೆಲ ಬಂದಿದೆ ಸರಿ. ಆದರೆ ನಾನು ಶಾಲೆಗೆ ನಡೆದು ಹೋಗುತ್ತಿದ್ದ ದಾರಿ ಮೂರು ತೋಟ, ಒಂದು ಬ್ಯಾಣ (ಹುಲ್ಲು ಬೆಳೆಯೋ ಜಾಗ) ದಾಟಿ ಹೋಗುತ್ತಿತ್ತು. ಈಗ ಆ ಮೂರಕ್ಕೂ ಐಬೆಕ್ಸ್ ಅನ್ನೋ ಕರೆಂಟ್ ಬೇಲಿ. ಮುಟ್ಟಿದರೆ ಶಾಕ್. ಕಾಡುಕೋಣಕ್ಕೆ, ಹಂದಿಗೆ ಅಂತ ಹಾಕಿದ್ದು, ತಪ್ಪು ಅನ್ನೋ ಹಾಗಿಲ್ಲ. ಅಡಿಕೆ ಬೆಳೆಯೋರ ಕಷ್ಟ ನನಗೂ ಗೊತ್ತು. ಆದರೆ ಆ ದಾರಿಯಲ್ಲಿ ಈಗ ಯಾರೂ ನಡೆಯೋಕಾಗಲ್ಲ.

ಮಾರನೇ ದಿನ ಬೆನ್ ಲಾವರ್ಸ್. ಎತ್ತರ 1,214 ಮೀಟರ್. ತುದಿಗೆ ಹೋಗೋ ಆಸೆ ನಮಗಿರಲಿಲ್ಲ. ಕಾರು ನಿಲ್ಲಿಸೋ ಜಾಗದಿಂದ ಎಡ್ರಮಕಿ ಅಂತ ಒಂದು ಹಳ್ಳದ ಗುಂಟ ಸಣ್ಣ ದಾರಿ ಇದೆ. ಶುರುವಾಗೋದೇ ಒಂದು ಗೇಟಿನಿಂದ. ವಿಚಿತ್ರ ಅಂದರೆ ಈ ಬೇಲಿ ಕುರಿಯನ್ನು ಒಳಗೆ ಇಡೋಕಲ್ಲ, ಹೊರಗೆ ಇಡೋಕೆ. ಗೇಟಿನ ಆಚೆ ಕುರಿ ಮೇಯ್ದ ಗುಡ್ಡ, ಗಡ್ಡ ಬೋಳಿಸಿದ ಕೆನ್ನೆ ಥರ. ಈಚೆ ಮೊಣಕಾಲೆತ್ತರದ ಹೂವು, ಬರ್ಚ್ ಗಿಡ, ಸಣ್ಣ ವಿಲ್ಲೋ ಪೊದೆ. ಒಂದೇ ಮಣ್ಣು, ಒಂದೇ ಮಳೆ, ನಡುವೆ ತಂತಿ. ಕುರಿ, ಜಿಂಕೆಯ ಬಾಯಿ ತಪ್ಪಿಸಿದರೆ ಇಲ್ಲೂ ಕಾಡು ಬರುತ್ತೆ ಅಂತ ತೋರಿಸೋಕೆ ಮಾಡಿದ್ದು. ಅಮ್ಮ ಆಚೆ ಈಚೆ ಎರಡೂ ಕಡೆ ಕೈಯಾಡಿಸಿ ನೋಡಿದರು. "ನಮ್ಮ ಸೊಪ್ಪಿನಬೆಟ್ಟಕ್ಕೂ ನಾಲ್ಕು ವರ್ಷ ಹೀಗೇ ಮಾಡಬೇಕಿತ್ತು."

ಆ ಹಳ್ಳದ ಪಕ್ಕದಲ್ಲಿ ಕಲ್ಲಿನ ಅಡಿಪಾಯಗಳು ಕಾಣುತ್ತವೆ. ಹುಲ್ಲು ಮುಚ್ಚಿಕೊಂಡು, ಮಂಚದಷ್ಟು ಅಗಲದ ಚೌಕ. ಇದಕ್ಕೆ ಶೀಲಿಂಗ್ ಅಂತಾರೆ. ಬೇಸಿಗೆಯ ಬಿಡಾರ. ಕೆಳಗಿನ ಊರಿನ ಹೆಂಗಸರು, ಮಕ್ಕಳು ದನ ಹೊಡೆದುಕೊಂಡು ಮೇಲೆ ಬಂದು, ಬೇಸಿಗೆ ಪೂರ್ತಿ ಇಲ್ಲೇ ಇದ್ದು, ಬೆಣ್ಣೆ, ಚೀಸ್ ಮಾಡಿಕೊಂಡು ಇಳಿಯುತ್ತಿದ್ದರು. ಆಮೇಲೆ ಅವರನ್ನು ಒಕ್ಕಲೆಬ್ಬಿಸಿದರು. ನಮ್ಮಲ್ಲಿ ಇದಕ್ಕೆ ಎಷ್ಟು ಸರಿಯಾದ ಪದ ಇದೆ ನೋಡಿ. ಸ್ಕಾಟ್ಲೆಂಡ್‌ನ ಬೆಟ್ಟದ ಸೀಮೆಯಲ್ಲಿ 18ನೇ ಶತಮಾನದ ನಡುವಿನಿಂದ ಸುಮಾರು ನೂರು ವರ್ಷ ನಡೆದಿದ್ದು ಅದೇ. ಒಕ್ಕಲಿಗಿಂತ ಕುರಿ ಜಾಸ್ತಿ ದುಡ್ಡು ಕೊಡುತ್ತೆ ಅಂತ ಜಮೀನ್ದಾರರಿಗೆ ಗೊತ್ತಾಯಿತು. ಲಾಕ್ ಟೇ ದಡದ ಒಕ್ಕಲುಗಳನ್ನು 1834ರಲ್ಲಿ ಪಟ್ಟಕ್ಕೆ ಬಂದ ಬ್ರೆಡಾಲ್ಬೇನ್‌ನ ಎರಡನೇ ಮಾರ್ಕ್ವಿಸ್ ಅನ್ನೋ ಜಮೀನ್ದಾರನ ಕಾಲದಲ್ಲಿ ಎಬ್ಬಿಸಿದರು. ಬಹಳ ಜನ ಹಡಗು ಹತ್ತಿ ಕೆನಡಾಕ್ಕೆ ಹೋದರು.

ಪ್ರವಾಸದ ಫೋಟೋಗಳಲ್ಲಿ ಕಾಣೋ ಆ ಖಾಲಿ ಗುಡ್ಡ, ಆ ನಿಶ್ಶಬ್ದ ಎಲ್ಲ ಮೊದಲಿಂದ ಹಾಗೇ ಇದ್ದದ್ದಲ್ಲ. ಗೊತ್ತಿದ್ದೂ ಚೆಂದ ಅನ್ನಿಸುತ್ತೆ, ಏನು ಮಾಡೋದು. ಅಮ್ಮನ ಚಿಕ್ಕಮ್ಮನ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿದ್ದು. ಬೇಸಿಗೆಯಲ್ಲಿ ನೀರಿಳಿದಾಗ ಆಕೆ ಹೋಗಿ ತುಳಸಿಕಟ್ಟೆ ಇದ್ದ ಜಾಗ ಹುಡುಕುತ್ತಿದ್ದರಂತೆ. ಅಮ್ಮ ಒಂದು ಶೀಲಿಂಗ್ ಒಳಗೆ ಕಾಲಿಟ್ಟು ಒಲೆ ಎಲ್ಲಿತ್ತು ಅಂತ ನೋಡಿದರು. ಸಿಗಲಿಲ್ಲ.

ಅಲ್ಲಿಂದ ಇಳಿದು ಬಂದ ಸಂಜೆಯೇ ಉಣ್ಣೆ ಸಿಕ್ಕಿದ್ದು. ಕುರಿಯ ಮೈಮೇಲಿರೋ ಎರಡಕ್ಕೂ ಕನ್ನಡದಲ್ಲಿ ಉಣ್ಣೆ ಅಂತಾರೆ. ಇದು ರಕ್ತ ಹೀರೋ ಉಣ್ಣೆ. ಮಗನ ಮೊಣಕಾಲ ಹಿಂದೆ, ಎಳ್ಳಿನಷ್ಟು ದೊಡ್ಡದು, ತಲೆ ಒಳಗೆ. ಅಮ್ಮ ನೋಡಿದ್ದೇ ಬೆವರಿದರು. ಶಿವಮೊಗ್ಗ ಜಿಲ್ಲೆಯವರಿಗೆ ಉಣ್ಣೆ ಅಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು. ಈಗಲೂ ಚಳಿಗಾಲ ಮುಗಿಯುತ್ತಿದ್ದ ಹಾಗೆ ಮಂಗ ಸತ್ತ ಸುದ್ದಿ ಬಂದರೆ ನಮ್ಮ ಕಡೆಯವರು ಸೊಪ್ಪಿಗೆ ಹೋಗೋಕೆ ಹೆದರುತ್ತಾರೆ, ಉಣ್ಣೆ ಹತ್ತದಿರಲಿ ಅಂತ ಆಸ್ಪತ್ರೆಯವರು ಕೊಟ್ಟ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಇಲ್ಲಿ ಆ ಕಾಯಿಲೆ ಇಲ್ಲ, ಲೈಮ್ ಅಂತ ಬೇರೆ ಇದೆ ಅಂತ ಸಮಾಧಾನ ಮಾಡಿದೆ. ಅದು ಸಮಾಧಾನ ಆಗೋ ಮಾತೇನಲ್ಲ ಅಂತ ಹೇಳಿದ ಮೇಲೆ ಗೊತ್ತಾಯಿತು.

ಔಷಧಿ ಅಂಗಡಿಯಲ್ಲಿ ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತೆ. ಚರ್ಮಕ್ಕೆ ತಾಗಿಸಿ, ಹಿಸುಕದೆ, ಮೆಲ್ಲಗೆ ತಿರುಗಿಸಿ ಎತ್ತಬೇಕು. ಬಂತು. ಮುಂದೆ ಕೆಲವು ವಾರ ಆ ಜಾಗದಲ್ಲಿ ಕೆಂಪು ಬಳೆ ಥರ ಹರಡುತ್ತಾ ಅಂತ ಗಮನಿಸಬೇಕು, ಹರಡಿದರೆ ಡಾಕ್ಟರು. ಹರಡಲಿಲ್ಲ. ಆದರೆ ಆವತ್ತಿಂದ ದಿನಾ ಸಂಜೆ ಅಮ್ಮ ಬಾಗಿಲಲ್ಲೇ ನಿಂತು, ಮೇಯ್ದು ಬಂದ ಕರುವನ್ನು ನೋಡೋ ಹಾಗೆ ನಮ್ಮೆಲ್ಲರ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿ ಸಂದಿಯಲ್ಲಿ ಹುಡುಕಿಯೇ ಒಳಗೆ ಬಿಟ್ಟಿದ್ದು. ಅಳಿಯಂದಿರಿಗೂ ವಿನಾಯಿತಿ ಇರಲಿಲ್ಲ.

ಇನ್ನು ನೊರಜು. ಅಲ್ಲಿಯವರು ಮಿಜ್ ಅಂತಾರೆ. ಕಚ್ಚೋದು ಹೆಣ್ಣು ಮಾತ್ರ, ಅದೂ ಗಾಳಿ ಇಲ್ಲದ, ಮೋಡ ಕವಿದ ಹೊತ್ತಲ್ಲಿ. ಸರೋವರದ ದಡದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೇ ತಡ, ಗಾಳಿ ನಿಂತಿತು, ಮೋಡದಂತೆ ಬಂದವು. ಎರಡು ನಿಮಿಷದಲ್ಲಿ ಕಾರಿನೊಳಗೆ ಓಡಿದೆವು. ಚಿತ್ರಾನ್ನದ ಮೇಲೆ ಕರಿ ಎಳ್ಳು ಉದುರಿಸಿದ ಹಾಗಿತ್ತು. "ಒಂದು ಬುಟ್ಟಿ ಅಡಿಕೆ ಸಿಪ್ಪೆ ಇದ್ದಿದ್ದರೆ ಹೊಗೆ ಹಾಕಬಹುದಿತ್ತು" ಅಂತ ಅಮ್ಮ. ನೀವು ಹೋಗೋದಾದರೆ ತಲೆಗೆ ಹಾಕೋ ಸೊಳ್ಳೆ ಬಲೆ ತಗೊಂಡು ಹೋಗಿ. ಫೋಟೋ ಚೆನ್ನಾಗಿ ಬರಲ್ಲ, ಪರವಾಗಿಲ್ಲ.

ಸಣ್ಣಪುಟ್ಟದ್ದು ಬಹಳ ನೋಡಿದೆವು. ಡಲ್ ಅಂತ ಒಂದು ಹಳ್ಳಿ, ಅಮೆರಿಕದ ಆರೆಗಾನ್‌ನ ಬೋರಿಂಗ್ ಅನ್ನೋ ಊರಿನ ಜತೆ 2012ರಲ್ಲಿ ನಂಟು ಮಾಡಿಕೊಂಡಿದೆ, ಊರ ಬಾಗಿಲಲ್ಲಿ ಬೋರ್ಡೇ ಇದೆ. ಮಗ ಅಲ್ಲಿ ಆಕಳಿಸೋ ಭಂಗಿಯಲ್ಲಿ ಫೋಟೋ ತೆಗೆಸಿಕೊಂಡ. ಫಾರ್ಟಿಂಗಲ್ ಚರ್ಚಿನ ಅಂಗಳದ ಯೂ ಮರ ಎರಡರಿಂದ ಐದು ಸಾವಿರ ವರ್ಷ ಹಳೆಯದು ಅಂತ ಅಂದಾಜು. 18ನೇ ಶತಮಾನದಲ್ಲಿ ಅಳೆದಾಗ ಬುಡದ ಸುತ್ತಳತೆ 50 ಅಡಿಗೂ ಮೇಲಿತ್ತು. ಆಮೇಲೆ ಬಂದ ಬಂದವರೆಲ್ಲ ನೆನಪಿಗೆ ಅಂತ ಒಂದೊಂದು ತುಂಡು ಕಡಿದುಕೊಂಡು ಹೋದರು. ಈಗ ಸುತ್ತ ಗೋಡೆ. ಇಡೀ ವಾರದಲ್ಲಿ ನಾವು ದಾಟದೆ ನಿಂತ ಬೇಲಿ ಅದೊಂದೇ. ಗಂಡು ಮರ ಅಂತ ಗೊತ್ತಿದ್ದ ಇದರ ಒಂದು ಕೊಂಬೆ 2015ರಲ್ಲಿ ಹಣ್ಣು ಬಿಟ್ಟಿತು. ಅಮ್ಮ ಕೈ ಮುಗಿದರು. ಮರ ದೊಡ್ಡದು ಕಂಡರೆ ಮುಗಿಯುತ್ತಾರೆ, ಅದಕ್ಕೆ ಬೇರೆ ಕಾರಣ ಬೇಡ.

ಕ್ರ್ಯಾನಾಗ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕಬ್ಬಿಣ ಯುಗದಲ್ಲಿ ಇಲ್ಲಿಯವರು ಸರೋವರದೊಳಗೆ ಮರದ ಕಂಬ ನೆಟ್ಟು, ಅದರ ಮೇಲೆ ದುಂಡನೆ ಮನೆ ಕಟ್ಟಿ, ದಡಕ್ಕೆ ಒಂದು ಸಂಕ ಹಾಕಿಕೊಂಡು ಇರುತ್ತಿದ್ದರು. ಅಂಥ ಒಂದು ಮನೆಯನ್ನು ಹೊಸದಾಗಿ ಕಟ್ಟಿ ತೋರಿಸುತ್ತಿದ್ದರು, 2021ರ ಜೂನ್‌ನಲ್ಲಿ ಅದು ಬೆಂಕಿಗೆ ಹೋಯಿತು. 2024ರಲ್ಲಿ ಉತ್ತರ ದಡಕ್ಕೆ ಬಂದು, ಸುತ್ತ ಗುಡಿಸಲು ಕಟ್ಟಿ, ಮತ್ತೆ ಶುರು ಮಾಡಿದ್ದಾರೆ. ಅಲ್ಲಿ ಒಬ್ಬ ಹುಡುಗಿ ಮರಕ್ಕೆ ಮರ ತಿಕ್ಕಿ ಬೆಂಕಿ ಹೊತ್ತಿಸಿದಳು. ಮಗ ಬಾಯಿ ಬಿಟ್ಟುಕೊಂಡು ನೋಡಿದ. ನನ್ನ ಕಣ್ಣು ಇದ್ದಿದ್ದು ಅಮ್ಮನ ಮೇಲೆ. ಅವರು ಗಾಜಿನ ಪೆಟ್ಟಿಗೆಯೊಂದರ ಮುಂದೆ ಕದಲದೆ ನಿಂತಿದ್ದರು. ಒಳಗೆ ಮರವನ್ನು ಕೊರೆದು ಮಾಡಿದ ಪಾತ್ರೆಯ ಚೂರು. ಇದೇ ಸರೋವರದ ತಳದಿಂದ ಮುಳುಗುಗಾರರು ಎತ್ತಿದ್ದು. ಒಳಮೈಗೆ ಅಂಟಿಕೊಂಡಿದ್ದು ಬೆಣ್ಣೆ. ಸುಮಾರು 2,500 ವರ್ಷ ಹಿಂದಿನ ಬೆಣ್ಣೆ.

"ಇದು ಮರಿಗೆ ಕಣೇ" ಅಂದರು. ನಮ್ಮನೆ ಅಟ್ಟದ ಮೇಲೆ ಒಂದು ಇದೆ, ಹಲಸಿನ ಮರದ್ದು. ತಣ್ಣೀರಿನ ಕೆಸರಲ್ಲಿ ಗಾಳಿಯಾಡದೆ ಉಳಿದುಕೊಂಡಿದೆ ಅಂತ ಅಲ್ಲಿಯವಳು ವಿವರಿಸಿದ್ದನ್ನು ಹೇಳಿದೆ. ಅಮ್ಮ ತಲೆಯಾಡಿಸಿದರು. ಬೆಣ್ಣೆ ತೆಗೆದು ನೀರಲ್ಲಿ ಮುಳುಗಿಸಿಡೋದು ಅವರು ದಿನಾ ಮಾಡೋ ಕೆಲಸ, ಅದರಲ್ಲಿ ಹೊಸದೇನಿದೆ ಅನ್ನೋ ಹಾಗೆ.

ಮಳೆ ಬಂದ ದಿನ ಅಬರ್‌ಫೆಲ್ಡಿಗೆ ಹೋದೆವು. 1825ರ ಓಟ್ಸ್ ಗಿರಣಿಯೊಂದು ಈಗ ಪುಸ್ತಕದ ಅಂಗಡಿ. ಕಾಫಿ ಕುಡಿಯುತ್ತ ಒಂದು ನಕ್ಷೆ ಬಿಡಿಸಿದರೆ ಶಿಹಾಲಿಯನ್ ಬೆಟ್ಟ. 1,083 ಮೀಟರ್. ಮೋಡ ಮುಚ್ಚಿ ಅದರ ತುದಿ ನಮಗೆ ಒಂದು ಸಲವೂ ಕಾಣಲಿಲ್ಲ. 1774ರಲ್ಲಿ ಮಸ್ಕಲೈನ್ ಅನ್ನೋ ಖಗೋಳ ವಿಜ್ಞಾನಿ ಇಲ್ಲಿ ಬಂದು ತಿಂಗಳುಗಟ್ಟಲೆ ಕೂತಿದ್ದ. ಗೋಡೆ ನೇರ ಇದೆಯಾ ಅಂತ ಗಾರೆಯವರು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಅದೇ ಉಪಾಯ. ಬೆಟ್ಟದ ಪಕ್ಕದಲ್ಲಿ ಇಳಿಬಿಟ್ಟರೆ ಬೆಟ್ಟ ಆ ಗುಂಡನ್ನು ತನ್ನ ಕಡೆಗೆ ಒಂದು ಕೂದಲೆಳೆಯಷ್ಟು ಎಳೆಯುತ್ತೆ. ಎಷ್ಟು ಎಳೆಯುತ್ತೆ ಅಂತ ಅಳೆದರೆ ಭೂಮಿ ಎಷ್ಟು ಭಾರ ಅಂತ ಲೆಕ್ಕ ಹಾಕಬಹುದು. ಲೆಕ್ಕ ಹಾಕಿದವನು ಚಾರ್ಲ್ಸ್ ಹಟನ್. ಬೆಟ್ಟದ ಗಾತ್ರ ಹಿಡಿಯೋಕೆ ಅವನು ಒಂದೇ ಎತ್ತರದ ಜಾಗಗಳನ್ನೆಲ್ಲ ಗೆರೆ ಎಳೆದು ಸೇರಿಸಿದ. ನನ್ನ ಕೈಲಿದ್ದ ನಕ್ಷೆಯ ತುಂಬ ಅವೇ ಗೆರೆಗಳು. ಭೂಮಿ ನೀರಿಗಿಂತ ನಾಲ್ಕೂವರೆ ಪಟ್ಟು ಸಾಂದ್ರ ಅಂದ. ಸರಿಯಾದ ಉತ್ತರ ಐದೂವರೆ. ದಾರ, ಗುಂಡು, ಮಳೆ, ನೊರಜು, ಇಷ್ಟರಲ್ಲಿ ಅಷ್ಟು ಹತ್ತಿರ ಬಂದಿದ್ದು ಕಡಿಮೆಯಲ್ಲ ಬಿಡಿ.

ಹೈಲ್ಯಾಂಡ್ ಗೇಮ್ಸ್ ಒಂದು ಹಳ್ಳಿಯ ಮೈದಾನದಲ್ಲಿ ಸಿಕ್ಕಿತು. ನಮ್ಮ ಊರ ಜಾತ್ರೆ ಮತ್ತು ಶಾಲಾ ಕ್ರೀಡಾಕೂಟ ಸೇರಿಸಿದ ಹಾಗೆ. ಒಂದು ಮೂಲೆಯಲ್ಲಿ ಬ್ಯಾಗ್‌ಪೈಪ್, ಇನ್ನೊಂದರಲ್ಲಿ ಹುಡುಗಿಯರ ಕುಣಿತ, ನಡುವೆ ಲಂಗ ಉಟ್ಟ ಭೀಮರು. ಕೇಬರ್ ಅಂತ ಆರು ಮೀಟರ್ ಹತ್ತಿರದ ಮರದ ಕಾಂಡವನ್ನು ಬುಡ ಹಿಡಿದು ಎತ್ತಿ, ನಾಲ್ಕು ಹೆಜ್ಜೆ ಓಡಿ, ಎಸೆಯುತ್ತಾರೆ. ದೂರ ಎಸೆದವನು ಗೆಲ್ಲಲ್ಲ. ತಲೆಕೆಳಗಾಗಿ ಪಲ್ಟಿ ಹೊಡೆದು, ಎಸೆದವನ ಎದುರಿಗೆ ನೆಟ್ಟಗೆ, ಗಡಿಯಾರದ ಹನ್ನೆರಡರ ಕಡೆ ಬೀಳಬೇಕು. "ಅಡಿಕೆ ಮರ ಬೀಳಿಸೋದಕ್ಕಿಂತ ಕಷ್ಟ" ಅಂತ ಅಮ್ಮ ಒಪ್ಪಿಕೊಂಡರು. ಒಂದು ಅಂಗಡಿಯಲ್ಲಿ ಟ್ಯಾಬ್ಲೆಟ್ ಅನ್ನೋ ಮಿಠಾಯಿ ಕೊಡಿಸಿದೆ. ಸಕ್ಕರೆ, ಬೆಣ್ಣೆ, ಗಟ್ಟಿ ಹಾಲು. ಅರ್ಧ ತಿಂದು, "ಪಾಕ ಒಂದು ಎಳೆ ಜಾಸ್ತಿಯಾದ ಬರ್ಫಿ" ಅಂದರು. ಉಳಿದರ್ಧವನ್ನೂ ತಿಂದರು.

ವಾಪಸ್ ಬರುವಾಗ ಕಿಲ್ಲಿನ್ ಮೇಲೆ ಸುತ್ತು ಹಾಕಿ ಬಂದೆವು. ಕಾಮ್ರಿ ದಾಟಿ ಕ್ರೀಫ್ ಕಡೆ ಹೋಗುವಾಗ ಮರಗಳ ನಡುವೆ ಒಂದು ದಿಬ್ಬದ ತಲೆಯ ಮೇಲೆ ಕಲ್ಲಿನ ಸ್ತಂಭ ಕಾಣುತ್ತೆ. ಯಾರದ್ದು ಅಂತ ಫೋನಲ್ಲಿ ನೋಡಿದೆ. ಸರ್ ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರು ಸೈನ್ಯಕ್ಕೆ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ 44 ತಿಂಗಳು ಸೆರೆಯಲ್ಲಿದ್ದವನು. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ನಾಯಕ. ಅವನು ಸತ್ತ ಮೇಲೆ ಹೆಂಡತಿ 1832ರಲ್ಲಿ ಈ ಸ್ತಂಭ ನಿಲ್ಲಿಸಿದಳು. ಸೆರೆಯಾಳುಗಳನ್ನು ಇಬ್ಬಿಬ್ಬರನ್ನು ಜೋಡಿಸಿ ಸರಪಳಿ ಹಾಕಿದ್ದಾರೆ ಅಂತ ಸುದ್ದಿ ಬಂದಾಗ ಬೇರ್ಡ್‌ನ ತಾಯಿ, ನಮ್ಮ ಡೇವಿಡ್ ಜತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು ಅಂದಳಂತೆ. ಟಿಪ್ಪುವಿನ ಕತ್ತಿಯೊಂದನ್ನು ಅವನಿಗೆ ಕಾಣಿಕೆ ಕೊಟ್ಟಿದ್ದರು. 2023ರಲ್ಲಿ ಲಂಡನ್ ಹರಾಜಿನಲ್ಲಿ ಅದು 1.4 ಕೋಟಿ ಪೌಂಡಿಗೆ ಹೋಯಿತು.

ಶಾಲೆ ಟೂರಲ್ಲಿ ಶ್ರೀರಂಗಪಟ್ಟಣದ ಬಂದೀಖಾನೆ ನೋಡಿದ್ದೆ. ಕಥೆಯ ಇನ್ನೊಂದು ತುದಿ ಇಲ್ಲಿ, ಕುರಿ ಮೇಯೋ ಸೀಮೆಯಲ್ಲಿ, ಹೀಗೆ ಎದುರಾಗುತ್ತೆ ಅಂದುಕೊಂಡಿರಲಿಲ್ಲ. ಈ ಕಡೆಯವನೇ ಇನ್ನೊಬ್ಬ, ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮರುವರ್ಷ ಹೊರಟು ಮೈಸೂರು, ಇಕ್ಕೇರಿ, ನಮ್ಮ ಕಡೆಯ ನಗರ (ಹಳೇ ಬಿದನೂರು) ಎಲ್ಲ ಸುತ್ತಿ ಯಾವ ಗದ್ದೆಯಲ್ಲಿ ಏನು ಬೆಳೀತಾರೆ, ಗೇಣಿ ಎಷ್ಟು ಅಂತ ಬರೆದುಕೊಂಡು ಹೋದವನು. ಇಲ್ಲೇ ದಕ್ಷಿಣಕ್ಕೆ ಕ್ಯಾಲಂಡರ್ ಹತ್ತಿರದ ಲೆನಿಯಲ್ಲಿ 1829ರಲ್ಲಿ ತೀರಿಕೊಂಡ. ಬೇರ್ಡ್ ಸತ್ತಿದ್ದೂ ಅದೇ ವರ್ಷ. ನಮ್ಮ ಗದ್ದೆಯ ಅಂಚಲ್ಲಿ ನಡೆಯೋಕೆ ಇವರು ಯಾರ ಅಪ್ಪಣೆ ಕೇಳಿದ್ದರು? ಮನಸ್ಸಿಗೆ ಬಂತು, ಹೇಳಲಿಲ್ಲ. ಅಮ್ಮ ಹಿಂದಿನ ಸೀಟಲ್ಲಿ ನಿದ್ದೆ ಹೋಗಿದ್ದರು.

ಅಕ್ಟೋಬರ್‌ನಲ್ಲಿ ಅಮ್ಮ ಊರಿಗೆ ವಾಪಸ್ ಹೋದರು. ಮೊನ್ನೆ ಫೋನ್ ಮಾಡಿದ್ದರು. ನಮ್ಮ ತೋಟದ ಬೇಲಿ ಹೊಸದಾಗಿ ಮಾಡಿಸುತ್ತಿದ್ದಾರೆ. ಬ್ಯಾಣದ ಕಡೆ ಒಂದು ತಡಬೆ ಇಡು ಅಂದರೆ ಕೆಲಸದ ಹುಡುಗನಿಗೆ ಅದೇನು ಅಂತಲೇ ಗೊತ್ತಿಲ್ಲವಂತೆ. "ಯಾರು ದಾಟೋಕೆ ಅಮ್ಮ? ಆ ಕಡೆ ಯಾರೂ ಬರಲ್ಲ" ಅಂತ ಬೇರೆ ಕೇಳಿದನಂತೆ.

"ನೀನೇನು ಅಂದೆ?"

"ನೀನು ಮಾಡು, ದಾಟೋರನ್ನ ನಾನು ನೋಡ್ಕೋತೀನಿ ಅಂದೆ. ಆ ಸ್ಕಾಟ್ಲೆಂಡಿಂದು ಫೋಟೋ ಇದ್ರೆ ಕಳ್ಸು, ಅವನಿಗೆ ತೋರಿಸ್ಬೇಕು."

ಹುಡುಕಿದೆ. ನಾನೂರು ಚಿಲ್ಲರೆ ಫೋಟೋ ಇದ್ದವು. ಸರೋವರ, ಮೋಡ, ಹೀದರ್ ಹೂವು, ಕೆಂಚು ದನ, ಕೇಬರ್, ಆಕಳಿಸೋ ಮಗ. ತಡಬೆಯದ್ದು ಸಿಕ್ಕಿದ್ದು ಒಂದೇ. ಅದೂ ಅರ್ಧ. ಸವೆದ ಹಲಗೆ, ಕೋಳಿ ಬಲೆ, ಅದರ ಮೇಲೆ ನೀಲಿ ಸ್ಪೋರ್ಟ್ಸ್ ಶೂ, ಎತ್ತಿ ಹಿಡಿದ ಸೀರೆಯ ಅಂಚು. ಅದನ್ನೇ ಕಳಿಸಿದೆ. ಹತ್ತು ನಿಮಿಷಕ್ಕೆ ಅಮ್ಮನ ವಾಯ್ಸ್ ಮೆಸೇಜ್ ಬಂತು. "ಸಿಕ್ತು ಸಿಕ್ತು. ಮೆಟ್ಟಿಲು ಒಂದು ಅಡಿಗಿಂತ ಎತ್ತರ ಬೇಡ ಅಂತ ಹೇಳಿದೀನಿ. ಮಂಡಿ ಎತ್ತೋಕಾಗಲ್ಲ."